ಚಿಗರಿ ಬಸ್ಸಿನಲ್ಲಿ 4 ಟೆರಾಬೈಟ್: ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ ಒಂದು ಬಹಿರಂಗ ಪತ್ರ

ಮಾನ್ಯ ಮಹಾಪೌರರಿಗೆ, ಪಾಲಿಕೆಯ ಆಯುಕ್ತರಿಗೆ ಹಾಗೂ ಎಲ್ಲ ಸದಸ್ಯರಿಗೆ,

ನಮಸ್ಕಾರಗಳು.

ಪ್ರತಿ ಬುಧವಾರ ಬೆಳಗ್ಗೆ ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ನಾನು ಚಿಗರಿ ಹತ್ತುತ್ತೇನೆ, ಅಂದರೆ ಹುಬ್ಬಳ್ಳಿ-ಧಾರವಾಡದ ನಡುವೆ ತನ್ನದೇ ಪಥದಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸು. ಮಡಿಲಲ್ಲಿ ಒಂದು ಕೈಚೀಲ. ಚೀಲದಲ್ಲಿ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ 4 ಟೆರಾಬೈಟಿನ ಹಾರ್ಡ್ ಡಿಸ್ಕ್. ಅದರಲ್ಲಿರುವುದು ಕುಂದಗೋಳ, ಅಣ್ಣಿಗೇರಿ ಕಡೆಯ ಮೆಣಸಿನಕಾಯಿ ಹೊಲಗಳ ಮೇಲೆ ಡ್ರೋನ್ ಹಾರಿಸಿ ತೆಗೆದ ಚಿತ್ರಗಳು. ಮುಟುರು ರೋಗ ರೈತನ ಕಣ್ಣಿಗೆ ಬೀಳುವ ಮೊದಲೇ ಎಲೆಯ ಬಣ್ಣದಲ್ಲಿ ಅದರ ಸುಳಿವು ಸಿಗುತ್ತದೆಯೇ ಎಂದು ನಮ್ಮ 11 ಜನರ ಪುಟ್ಟ ಕಂಪನಿ ಧಾರವಾಡದ ಒಂದು ಸಂಶೋಧನಾ ಸಂಸ್ಥೆಯ ಜೊತೆಗೂಡಿ ಹುಡುಕುತ್ತಿದೆ. ಚಿತ್ರಗಳು ಬಂದು ಸೇರುವುದು ಅವರ ಕಂಪ್ಯೂಟರಿಗೆ, ಲೆಕ್ಕ ನಡೆಯುವುದು ವಿದ್ಯಾನಗರದ ನಮ್ಮ ಮಹಡಿಯಲ್ಲಿ. ನಡುವೆ ಇರುವುದು ಮುಕ್ಕಾಲು ಗಂಟೆಯ ದಾರಿ ಮತ್ತು ನಾನು.

ಒಮ್ಮೆ ಬಸ್ಸಿನಲ್ಲಿ ಕೂತೇ ಲೆಕ್ಕ ಹಾಕಿದೆ. ಈ 4 ಟೆರಾಬೈಟನ್ನು ನಮ್ಮ ಕಚೇರಿಯ 100 ಎಂಬಿಪಿಎಸ್ ಸಂಪರ್ಕದ ಮೇಲೆ ತರಿಸಿಕೊಂಡರೆ, ನಡುವೆ ಒಂದು ಕ್ಷಣವೂ ಕಡಿತವಾಗದಿದ್ದರೆ, 89 ಗಂಟೆ ಬೇಕು. ಬುಧವಾರ ಬೆಳಗ್ಗೆ ಶುರುವಾದದ್ದು ಶನಿವಾರ ಮಧ್ಯರಾತ್ರಿ ದಾಟಿದ ಮೇಲೆ ಮುಗಿಯುತ್ತದೆ. ಚಿಗರಿ ಅದನ್ನು 45 ನಿಮಿಷದಲ್ಲಿ ತಂದು ಬಿವಿಬಿ ನಿಲ್ದಾಣದಲ್ಲಿ ಇಳಿಸುತ್ತದೆ. ಭಾಗಿಸಿ ನೋಡಿದರೆ ಸೆಕೆಂಡಿಗೆ ಸರಿಸುಮಾರು 12 ಗಿಗಾಬಿಟ್! ಅವಳಿ ನಗರದಲ್ಲಿ ನನ್ನ ಕೈಗೆಟುಕುವ ಅತಿ ವೇಗದ ಡೇಟಾ ಜಾಲದ ಹೆಸರು ಚಿಗರಿ. ಚಾಲಕರಿಗೆ ಇದು ಗೊತ್ತಿಲ್ಲ. ಕಳೆದ ಮಳೆಗಾಲದಲ್ಲಿ ಚೀಲ ಜಾರಿ ಬಿದ್ದು ಒಂದು ವಾರದ ಚಿತ್ರಗಳು ಹಾಳಾದವು. ಬಸ್ಸಿನದೇನೂ ತಪ್ಪಿರಲಿಲ್ಲ, ನನಗೆ ನಿದ್ದೆ ಹತ್ತಿತ್ತು.

ಹಾಗಾದರೆ ಧಾರವಾಡದಲ್ಲಿ ವೇಗದ ಇಂಟರ್‌ನೆಟ್ ಇಲ್ಲವೇ? ಇದೆ, ಅದೂ ಸರ್ಕಾರವೇ ದುಡ್ಡು ಸುರಿದು ಮಾಡಿದ್ದು. 2010ರ ಮಾರ್ಚ್‌ನಲ್ಲಿ ಕೇಂದ್ರದ ಸಂಪುಟ ಸಮಿತಿ 5,990 ಕೋಟಿ ರೂಪಾಯಿಯ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ದೇಶದ ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು ಗಿಗಾಬಿಟ್ ವೇಗದಲ್ಲಿ ಒಂದಕ್ಕೊಂದು ಮಾತಾಡಲಿ ಎಂಬುದು ಅದರ ಉದ್ದೇಶ. ಜಿನೀವಾದ ಸರ್ನ್ ಪ್ರಯೋಗಾಲಯದವರೆಗೂ ಆ ಜಾಲಕ್ಕೆ ಕೊಂಡಿ ಇದೆ. ಆದರೆ ಅದು ಸಂಶೋಧನಾ ಸಂಸ್ಥೆಗಳಿಗೆಂದೇ ಇರುವ ಜಾಲ. ನಮ್ಮಂಥ ಖಾಸಗಿ ಕಂಪನಿ ಅದಕ್ಕೆ ನೇರವಾಗಿ ಕೈ ಹಾಕುವಂತಿಲ್ಲ. ಆ ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಫಲಿತಾಂಶ ಮಾತ್ರ ವಿಚಿತ್ರ: ನಮ್ಮ ಜೊತೆ ಕೆಲಸ ಮಾಡುವ ವಿಜ್ಞಾನಿಗೆ ಜಿನೀವಾ ಹತ್ತಿರ, ವಿದ್ಯಾನಗರ ದೂರ.

ಈಗ ಗಲ್ಲಿಗಲ್ಲಿಗೂ ಫೈಬರ್ ಬಂದಿದೆಯಲ್ಲ ಎನ್ನುತ್ತೀರಿ. ಬಂದಿದೆ, ಮನೆಗೆ ಸಿನಿಮಾ ನೋಡಲು ಧಾರಾಳವಾಗಿ ಸಾಕು. ಆದರೆ ಮನೆಮನೆಯ ಫೈಬರ್ ಹೆಚ್ಚಾಗಿ ಜಿಪಾನ್ ಎಂಬ ತಂತ್ರದ ಮೇಲೆ ನಡೆಯುತ್ತದೆ. ಅದರಲ್ಲಿ ಒಂದೇ ಎಳೆಯನ್ನು ಸಾಮಾನ್ಯವಾಗಿ 32 ಮನೆಗಳಿಗೆ ಕವಲೊಡೆಸುತ್ತಾರೆ; ಆ ಎಳೆಯ ಒಟ್ಟು ಸಾಮರ್ಥ್ಯ ಕೆಳಮುಖವಾಗಿ ಸುಮಾರು 2.5 ಗಿಗಾಬಿಟ್, ಮೇಲ್ಮುಖವಾಗಿ ಅದರ ಅರ್ಧ. ತರಿಸಿಕೊಳ್ಳುವವರಿಗೆ ಹೆಚ್ಚು, ಕಳಿಸುವವರಿಗೆ ಕಡಿಮೆ. ಮನೆಗಳಿಗೆ ಇದು ಸರಿಯಾದ ಲೆಕ್ಕ. ಸರಕು ತಯಾರಿಸಿ ಹೊರಗೆ ಕಳಿಸುವ ಅಂಗಡಿಗೆ ಮಾತ್ರ ಹಿಂಬಾಗಿಲು ಸಣ್ಣದಾದರೆ ವ್ಯಾಪಾರ ನಡೆಯುವುದಿಲ್ಲ. ಸಮಸಮ ವೇಗದ, ನಮಗೊಬ್ಬರಿಗೇ ಮೀಸಲಾದ ಲೀಸ್ಡ್ ಲೈನ್ ಕೊಳ್ಳಬಹುದಲ್ಲ ಎಂದರೆ, ನಮಗೆ ಬೇಕಾದ ವೇಗಕ್ಕೆ ನಮಗೆ ಹೇಳಿದ ತಿಂಗಳ ದರ ಕಚೇರಿಯ ಬಾಡಿಗೆಗಿಂತ ಜಾಸ್ತಿ ಇತ್ತು. ಬಸ್ ಪಾಸ್ ಅಗ್ಗ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹುಬ್ಬಳ್ಳಿಯಿಂದ ಧಾರವಾಡದವರೆಗೆ, ಚಿಗರಿ ಓಡುವ ಸುಮಾರು 22 ಕಿ.ಮೀ. ಕಾರಿಡಾರಿನುದ್ದಕ್ಕೂ, ಪಾಲಿಕೆಯ ಸ್ವಂತದ್ದಾದ ಪೈಪು ಮತ್ತು ಅದರೊಳಗೆ ಡಾರ್ಕ್ ಫೈಬರ್ ಇರಬೇಕು. ಫೈಬರಿನಲ್ಲಿ ಡೇಟಾ ಹೋಗುವುದು ಬೆಳಕಿನ ರೂಪದಲ್ಲಿ; ಡಾರ್ಕ್ ಫೈಬರ್ ಎಂದರೆ ಇನ್ನೂ ಬೆಳಕು ಹಾಯಿಸದ ಖಾಲಿ ಎಳೆ. ಇಂಟರ್‌ನೆಟ್ ಮಾರುವ ಕೆಲಸ ಪಾಲಿಕೆಗೆ ಬೇಡವೇ ಬೇಡ. ನೀರಿನ ಬಿಲ್ ದೂರುಗಳೇ ಸಾಕಷ್ಟಿವೆ, ವೈಫೈ ಬರುತ್ತಿಲ್ಲ ಎಂಬ ಫೋನನ್ನೂ ವಲಯ ಕಚೇರಿಯವರು ಎತ್ತುವುದು ಬೇಡ. ಖಾಲಿ ಎಳೆಯನ್ನು ಬಾಡಿಗೆಗೆ ಕೊಡಿ. ಎರಡು ತುದಿಗೆ ಯಂತ್ರ ಕೂರಿಸಿ ಬೆಳಕು ಹಾಯಿಸುವುದು ಬಾಡಿಗೆಗೆ ಪಡೆದವರ ಜವಾಬ್ದಾರಿ. ಇಂದು 10 ಗಿಗಾಬಿಟ್ ಯಂತ್ರ ಹಚ್ಚಿದರೆ ನನ್ನ ಡಿಸ್ಕು 53 ನಿಮಿಷದಲ್ಲಿ ಬರುತ್ತದೆ. ನಾಳೆ 100ರ ಯಂತ್ರ ಅಗ್ಗವಾದಾಗ ಅದೇ ಎಳೆಯಲ್ಲಿ ಐದು ನಿಮಿಷ ಸಾಕು. ನೆಲ ಮತ್ತೆ ಅಗೆಯುವುದಿಲ್ಲ.

ಆ ದಾರಿಯ ನಿಲ್ದಾಣಗಳ ಹೆಸರು ಓದಿದರೇ ಯೋಜನೆ ಅರ್ಧ ಬರೆದಂತಾಗುತ್ತದೆ. ಕಿಮ್ಸ್, ಬಿವಿಬಿ, ಎಸ್‌ಡಿಎಂ. ಮೊದಲನೆಯದೂ ಕೊನೆಯದೂ ವೈದ್ಯಕೀಯ ಕಾಲೇಜುಗಳು, ಬಿವಿಬಿಯೇ ಇಂದಿನ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಸತ್ತೂರಿನ ಹತ್ತಿರ 2015ರಲ್ಲಿ ಶುರುವಾದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿ. ಧಾರವಾಡದ ಕಡೆ ಒಂದೆರಡು ಕವಲು ಹೊರಡಿಸಿದರೆ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಚಿಕ್ಕಮಲ್ಲಿಗವಾಡದ 470 ಎಕರೆಯ ಐಐಟಿ. ಹುಬ್ಬಳ್ಳಿಯ ಕಡೆ ಇಂದಿರಾ ಗಾಜಿನ ಮನೆಯ ಎದುರಿನ ಐಟಿ ಪಾರ್ಕ್. ಮಾವಿನ ಗಿಡದಲ್ಲಿ ಕಾಯಿ ಜೋತಿರುವ ಹಾಗೆ ಒಂದೇ ರಸ್ತೆಯ ಅಕ್ಕಪಕ್ಕ ಇಷ್ಟು ಸಂಸ್ಥೆಗಳು ಜೋತಿರುವ ಊರು ಬೆಂಗಳೂರು ಬಿಟ್ಟರೆ ಕರ್ನಾಟಕದಲ್ಲಿ ಇನ್ನೆಷ್ಟಿವೆ?

ಕಂಪನಿಗಳನ್ನು ಕರೆತರಲು ನಾವು ಈವರೆಗೆ ಏನು ಮಾಡಿದ್ದೇವೆ ನೋಡಿ. ಜಾಗ ಕೊಟ್ಟೆವು, ಕಟ್ಟಡ ಕಟ್ಟಿದೆವು, ಹೂಡಿಕೆದಾರರ ಸಮಾವೇಶಗಳಲ್ಲಿ ಪೇಢೆ ಹಂಚಿದೆವು. ಕಟ್ಟಡ ಎದ್ದು ನಿಂತು ಒಳಗೆ ಜನವಿಲ್ಲದೆ ವರ್ಷಗಟ್ಟಲೆ ಖಾಲಿ ಉಳಿದದ್ದನ್ನೂ ಈ ಊರು ನೋಡಿದೆ. 2023ರ ಮಾರ್ಚ್ 12ರಂದು ಐಐಟಿಯ ಹೊಸ ಕ್ಯಾಂಪಸ್ ಉದ್ಘಾಟನೆಯಾದ ದಿನವೇ ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮೂ ಲೋಕಾರ್ಪಣೆಯಾಯಿತು. ಜಗತ್ತಿನಲ್ಲೇ ಉದ್ದದ್ದು. ನಮ್ಮ ಹುಡುಗರು ಪದವಿ ಮುಗಿಸಿ ಬೆಂಗಳೂರಿನ ರೈಲು ಹತ್ತಲು ಈಗ ಜಾಗಕ್ಕೇನೂ ಕೊರತೆಯಿಲ್ಲ.

ಬೆಂಗಳೂರು ಬೆಳೆದದ್ದು ತಂಪು ಹವೆಯಿಂದ ಎನ್ನುವವರಿಗೆ ಒಂದು ಹಳೆಯ ಕಥೆ ನೆನಪಿಸಬೇಕು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬಂದಾಗ ತನ್ನ ಉಪಗ್ರಹ ಸಂಪರ್ಕವನ್ನು ತಾನೇ ಮಾಡಿಕೊಳ್ಳಬೇಕಾಯಿತು. ಅಷ್ಟು ದೊಡ್ಡ ಕಂಪನಿಗೆ ಅದು ಸಾಧ್ಯವಿತ್ತು. 20 ಜನರ ಕಂಪನಿಗೆ ಎಲ್ಲಿಂದ ಸಾಧ್ಯ? 1991ರಲ್ಲಿ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಪಾರ್ಕುಗಳ ಸಂಸ್ಥೆ ಎಸ್‌ಟಿಪಿಐ ಹುಟ್ಟಿ, ಸರ್ಕಾರದ ದುಡ್ಡಿನಲ್ಲಿ ಭೂಕೇಂದ್ರ ಹಾಕಿ, ಸಣ್ಣ ಸಣ್ಣ ಕಂಪನಿಗಳಿಗೆ ಸಂಪರ್ಕವನ್ನು ಬಾಡಿಗೆಗೆ ಹಂಚಿತು. ಒಬ್ಬರಿಂದ ಆಗದ ದುಬಾರಿ ಕೊಂಡಿಯನ್ನು ಸಾರ್ವಜನಿಕ ಸಂಸ್ಥೆ ಕಟ್ಟಿ ಎಲ್ಲರಿಗೂ ಸಮನಾಗಿ ಕೊಟ್ಟದ್ದರ ಲಾಭ ಬೆಂಗಳೂರು ಇಂದಿಗೂ ಉಣ್ಣುತ್ತಿದೆ. ಆ ಕಾಲಕ್ಕೆ 64 ಕೆಬಿಪಿಎಸ್ ಸಿಕ್ಕರೆ ಹಬ್ಬ. ಇಂದು ಅದೇ ಜಾಗದಲ್ಲಿ 10 ಗಿಗಾಬಿಟ್ ನಿಂತಿದೆ, ಮತ್ತು ಈ ಸಲ ಆ ಕೊಂಡಿ ಆಕಾಶಕ್ಕೆ ಹೋಗಬೇಕಾಗಿಲ್ಲ, ನವಲೂರಿನ ಪೇರಲ ತೋಟಗಳ ಪಕ್ಕ ಹಾದುಹೋದರೆ ಸಾಕು.

ಇದನ್ನು ಮಾಡಿ ನೋಡಿದ ಊರುಗಳಿವೆ. ನಮ್ಮನ್ನು ಬಹಳ ಹೋಲುವುದು ಅಮೆರಿಕದ ಕ್ಲೀವ್‌ಲ್ಯಾಂಡ್. ಉಕ್ಕಿನ ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಊರು. 2008ರಲ್ಲಿ ಅಲ್ಲಿಯ ಯೂಕ್ಲಿಡ್ ಅವೆನ್ಯೂ ಮೇಲೆ ಹೆಲ್ತ್‌ಲೈನ್ ಎಂಬ, ನಮ್ಮ ಚಿಗರಿಯಂಥದೇ ಬಿಆರ್‌ಟಿಎಸ್ ಬಂತು. ಒಂದು ಕಡೆ ಹಳೆಯ ಪೇಟೆ, ಇನ್ನೊಂದು ಕಡೆ ಕ್ಲೀವ್‌ಲ್ಯಾಂಡ್ ಕ್ಲಿನಿಕ್, ಯೂನಿವರ್ಸಿಟಿ ಹಾಸ್ಪಿಟಲ್ಸ್, ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ. ಬಸ್ಸಿನ ದಾರಿಯನ್ನೇ ಹಿಡಿದು, 2014-15ರ ಹೊತ್ತಿಗೆ, ವೈದ್ಯಕೀಯ ತಂತ್ರಜ್ಞಾನದ ಕಂಪನಿಗಳನ್ನು ಸೆಳೆಯಲೆಂದು ಆ ಪಟ್ಟಿಗೆ 100 ಗಿಗಾಬಿಟ್ ಸಾಮರ್ಥ್ಯದ ಫೈಬರ್ ಎಳೆಯುವ ಯೋಜನೆ ಹಾಕಿಕೊಂಡರು. ಖರ್ಚು ಸುಮಾರು 10 ಲಕ್ಷ ಡಾಲರ್. ದೊಡ್ಡ ಪಾಲು ಫೆಡರಲ್ ಅನುದಾನ, ನಗರವೂ ತನ್ನ ಪಾಲು ಹಾಕಿತು. ಒಂದು ಫ್ಲೈಓವರಿನ ಮುಂದೆ ಇದು ಚಿಲ್ಲರೆ ಹಣ. ಆದರೆ ಆ ಕಥೆಯಲ್ಲಿ ನಾವು ಕಲಿಯಬೇಕಾದ ಮುಳ್ಳೂ ಇದೆ. ಜಾಲ ನಡೆಸುತ್ತಿದ್ದ ಒನ್‌ಕಮ್ಯೂನಿಟಿ ಲಾಭರಹಿತ ಸಂಸ್ಥೆಯಾಗಿತ್ತು. ಅದರ ವಾಣಿಜ್ಯ ಅಂಗ ಎವರ್‌ಸ್ಟ್ರೀಮ್ ಆಮೇಲೆ ಖಾಸಗಿ ಹೂಡಿಕೆದಾರರ ಪಾಲಾಯಿತು. ಊರು ದುಡ್ಡು ಹಾಕಿದ ಮೇಲೆ ಆಸ್ತಿಯ ಪಹಣಿ ಯಾರ ಹೆಸರಲ್ಲಿದೆ ಎಂಬುದನ್ನು ಮೊದಲ ದಿನವೇ ಬರೆದಿಡಬೇಕು ಅನ್ನುವುದು ಇದಕ್ಕೇ.

ಚಟ್ಟನೂಗ ಎಂಬ ಇನ್ನೊಂದು ಊರಿನ ಹೆಸರು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ಅಮೆರಿಕದ ಟೆನೆಸ್ಸಿ ರಾಜ್ಯದ ಈ ನಗರ ಒಂದು ಕಾಲಕ್ಕೆ ಹೊಗೆಗೆ ಕುಖ್ಯಾತವಾಗಿತ್ತು. ಅಲ್ಲಿಯ ವಿದ್ಯುತ್ ಕಂಪನಿ ಇಪಿಬಿ ನಗರದ್ದೇ ಸ್ವಂತ. ಕೇಂದ್ರದಿಂದ 11.15 ಕೋಟಿ ಡಾಲರ್ ಅನುದಾನ ಪಡೆದು, ಉಳಿದದ್ದಕ್ಕೆ ಬಾಂಡ್ ಎತ್ತಿ, ಕರೆಂಟಿನ ತಂತಿ ಹೋದಲ್ಲೆಲ್ಲ ಫೈಬರ್ ಹಾಕಿತು. ಕೊಂಬೆ ಮುರಿದು ತಂತಿ ಹರಿದರೆ ಸ್ವಿಚ್ಚುಗಳೇ ಅರಿತು ಕರೆಂಟನ್ನು ಬೇರೆ ದಾರಿಗೆ ತಿರುಗಿಸಲಿ ಎಂಬುದು ಮೊದಲ ಉದ್ದೇಶ. ಅದೇ ಎಳೆಯಲ್ಲಿ 2010ರ ಸೆಪ್ಟೆಂಬರಿನಲ್ಲಿ ಮನೆಮನೆಗೆ 1 ಗಿಗಾಬಿಟ್ ಕೊಟ್ಟಿತು. ಶುರುವಿಗೆ ತಿಂಗಳಿಗೆ 350 ಡಾಲರ್ ಇದ್ದ ದರ 2013ರಲ್ಲಿ 70ಕ್ಕೆ ಇಳಿಯಿತು. ಕೇಬಲ್ ಕಂಪನಿಗಳು ಕೋರ್ಟಿಗೆ ಎಳೆದವು. ಪಕ್ಕದ ಹಳ್ಳಿಗಳಿಗೆ ವಿಸ್ತರಿಸಲು ರಾಜ್ಯದ ಕಾಯಿದೆಯೇ ಅಡ್ಡ ಬಂತು. ಮೊದಲ ಹತ್ತು ವರ್ಷದಲ್ಲಿ ಊರಿಗೆ 269 ಕೋಟಿ ಡಾಲರ್ ಲಾಭ, 9,500 ಉದ್ಯೋಗ ಎಂದು ಅಲ್ಲಿಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರೊಬ್ಬರು 2020ರಲ್ಲಿ ಲೆಕ್ಕ ಕೊಟ್ಟರು. ಇಂಥ ಲೆಕ್ಕದಲ್ಲಿ ರೂಪಾಯಿಗೆ ಎಂಟಾಣೆ ನಂಬುವವಳು ನಾನು. ಎಂಟಾಣೆಯೇ ಆದರೂ ಸಣ್ಣದಲ್ಲ.

ಆದರೆ ಚಟ್ಟನೂಗವನ್ನು ನಕಲು ಮಾಡಲು ಹೋಗಬೇಡಿ. ಅಲ್ಲಿ ಕರೆಂಟಿನ ಕಂಬ ಊರಿನದು, ಇಲ್ಲಿ ಕಂಬ ರಾಜ್ಯದ ವಿದ್ಯುತ್ ಕಂಪನಿ ಹೆಸ್ಕಾಂನದು. ಆ ಊರಿನ ಜನಸಂಖ್ಯೆ ಎರಡು ಲಕ್ಷದೊಳಗೆ, ನಮ್ಮದು 2011ರ ಗಣತಿಯಲ್ಲೇ 9.43 ಲಕ್ಷ. ಮನೆಮನೆಗೆ ಫೈಬರ್ ಕೊಡುವುದು ಇಲ್ಲಿ ಖಾಸಗಿಯವರು ಮಾಡುತ್ತಿರುವ ಕೆಲಸ. ಅವರ ಜೊತೆ ಪಾಲಿಕೆ ಪೈಪೋಟಿಗೆ ಇಳಿದರೆ ಸೋಲುತ್ತದೆ, ಸೋಲಬೇಕು ಕೂಡ.

ನಮಗೆ ಒಗ್ಗುವುದು ಸ್ಟಾಕ್‌ಹೋಮಿನ ದಾರಿ. ಸ್ವೀಡನ್ನಿನಲ್ಲಿ ದೂರವಾಣಿ ಮಾರುಕಟ್ಟೆ ಮುಕ್ತವಾದಾಗ ಒಬ್ಬೊಬ್ಬ ಕಂಪನಿಯವನೂ ಬಂದು ರಸ್ತೆ ಅಗೆಯುತ್ತಾನೆ ಎಂಬ ಭಯಕ್ಕೆ ನಗರವೇ 1994ರಲ್ಲಿ ಸ್ಟೋಕಾಬ್ ಎಂಬ ತನ್ನ ಕಂಪನಿ ಕಟ್ಟಿತು. ಅದು ಇಂಟರ್‌ನೆಟ್ ಮಾರುವುದಿಲ್ಲ. ಡಾರ್ಕ್ ಫೈಬರ್ ಹಾಕಿ, ಕೇಳಿದವರಿಗೆಲ್ಲ ಒಂದೇ ಷರತ್ತಿನಲ್ಲಿ ಬಾಡಿಗೆಗೆ ಕೊಡುತ್ತದೆ. ಸಾಲ ಮಾಡಿ ಕಟ್ಟಿದ್ದನ್ನು ಬಾಡಿಗೆಯಿಂದಲೇ ತೀರಿಸುತ್ತ ಬಂದಿತು. ದೊಡ್ಡ ಮೊಬೈಲ್ ಕಂಪನಿಗೂ ನಾಲ್ಕು ಹುಡುಗರ ಕಂಪನಿಗೂ ಅಲ್ಲಿ ದರಪಟ್ಟಿ ಒಂದೇ. ನನಗೆ ಬೇಕಾದದ್ದು ಈ ಕೊನೆಯ ವಾಕ್ಯ.

ಈ ವಿಷಯವನ್ನು ನಮ್ಮ ವಾರ್ಡಿನ ಹಿರಿಯ ಸದಸ್ಯರೊಬ್ಬರ ಮುಂದೆ ಒಮ್ಮೆ ಇಟ್ಟಿದ್ದೆ. ಚಹಾ ಕೊಟ್ಟು, ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು: "ಅಲ್ರೀ ಮೇಡಮ್ಮಾರ, ನಮ್ಮ ಓಣ್ಯಾಗ ನೀರ ಎಂಟ ದಿನಕ್ಕೊಮ್ಮೆ ಬರತಾವ. ನಿಮ್ಮ ಗಿಗಾಬಿಟ್ಟು ಕೊಡದಾಗ ತುಂಬಿ ಇಡ್ಲಿಕ್ಕ ಬರ್ತದೇನು?"

ನಕ್ಕು ಎದ್ದು ಬಂದೆ. ಆದರೆ ಅವರ ಮಾತು ಮನಸ್ಸಿನಲ್ಲಿ ಕೂತಿತು, ಯಾಕೆಂದರೆ ಅದು ನ್ಯಾಯವಾದ ಪ್ರಶ್ನೆ. ಮಲಪ್ರಭೆಯ ನೀರಿಗಾಗಿ ಕೊಡ ಸಾಲಾಗಿ ಇಡುವ ಮನೆಯವರ ತೆರಿಗೆಯಲ್ಲಿ ನನ್ನ ಡ್ರೋನ್ ಚಿತ್ರ ಓಡಾಡಬೇಕೇ? ಎರಡು ವಾರ ಯೋಚಿಸಿದ ಮೇಲೆ ಹೊಳೆದದ್ದು ಏನೆಂದರೆ, ಉತ್ತರ ಅವರ ಪ್ರಶ್ನೆಯೊಳಗೇ ಇದೆ. 24 ಗಂಟೆ ನೀರಿನ ಯೋಜನೆಗೆ ಎರಡೂ ಊರುಗಳಲ್ಲಿ ಓಣಿ ಓಣಿ ಅಗೆಯುತ್ತಿದ್ದೇವೆ. ಫೈಬರ್ ಹಾಕುವ ಖರ್ಚಿನಲ್ಲಿ ಬಹುಪಾಲು ಹೋಗುವುದು ಅಗೆಯುವುದಕ್ಕೆ, ಮುಚ್ಚುವುದಕ್ಕೆ, ಮೇಲೆ ಡಾಂಬರು ಹಾಕುವುದಕ್ಕೆ. ಎಳೆ ಮತ್ತು ಪ್ಲಾಸ್ಟಿಕ್ ಪೈಪಿನ ಬೆಲೆ ಅದರ ಮುಂದೆ ಸಣ್ಣದು. ನೀರಿನ ಗುಂಡಿ ತೆರೆದಿದ್ದಾಗ ಅದರ ಬದಿಗೆ, ನಿಯಮದಷ್ಟು ಅಂತರ ಬಿಟ್ಟು, ಎರಡು ಖಾಲಿ ಪೈಪು ಮಲಗಿಸಿದರೆ ಆ ಸದಸ್ಯರ ಓಣಿಗೂ ನಷ್ಟವಿಲ್ಲ. ಮುಂದೆ ಯಾವ ಕಂಪನಿ ಬಂದರೂ ಹೊಸ ಡಾಂಬರು ಒಡೆಯಬೇಕಾಗಿಲ್ಲ. ಅದರ ಬಾಡಿಗೆ ಪಾಲಿಕೆಗೆ. ರಸ್ತೆ ಮಾಡಿದ ಹದಿನೈದನೇ ದಿನಕ್ಕೆ ಜೆಸಿಬಿ ಬಂದು ನಿಲ್ಲುವುದನ್ನು ನೋಡಿ ನೋಡಿ ಸಾಕಾಗಿದೆ. ಅಗೆಯುವ ಮುನ್ನ ಒಬ್ಬರಿಗೊಬ್ಬರು ತಿಳಿಸಲಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನೇ ಬಿಟ್ಟಿದೆ. ಪಾಲಿಕೆ ಒಂದು ಠರಾವು ಮಾಡಿದರೆ ಸಾಕು: ಇನ್ನು ಮುಂದೆ ಮುಖ್ಯರಸ್ತೆಯಲ್ಲಿ ಯಾರೇ ಗುಂಡಿ ತೆಗೆದರೂ ಪಾಲಿಕೆಯ ಪೈಪು ಇಳಿಯದೆ ಅದು ಮುಚ್ಚುವಂತಿಲ್ಲ.

ಇದನ್ನೆಲ್ಲ ನಡೆಸುವವರು ಯಾರು? ಮನೆಯಲ್ಲೇ ಇದ್ದಾರೆ. 2016ರ ಸೆಪ್ಟೆಂಬರಿನಲ್ಲಿ ನಮ್ಮ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು, ಅದಕ್ಕಾಗಿ ಹುಬ್ಬಳ್ಳಿ-ಧಾರವಾಡ ಸ್ಮಾರ್ಟ್ ಸಿಟಿ ಲಿಮಿಟೆಡ್ ಎಂಬ ಕಂಪನಿ ಆಯಿತು. ಕೇಂದ್ರದ ಆ ಸ್ಮಾರ್ಟ್ ಸಿಟಿ ಯೋಜನೆಯೇ 2025ರ ಮಾರ್ಚ್ 31ಕ್ಕೆ ಮುಗಿದುಹೋಯಿತು. ಕಂಪನಿ ಕಾಯಿದೆಯಡಿ ನೋಂದಾಯಿತ ಸಂಸ್ಥೆಯೊಂದು ಪೈಪು, ಡಾರ್ಕ್ ಫೈಬರ್ ಕಟ್ಟಿ ಬಾಡಿಗೆಗೆ ಕೊಡಲು ಐಪಿ-1 ಎಂಬ ನೋಂದಣಿಯ ದಾರಿ ದೇಶದಲ್ಲಿ 2000ದಲ್ಲೇ ತೆರೆದಿತ್ತು. ಟವರ್ ಕಂಪನಿಗಳು ಹೋದದ್ದು ಇದೇ ದಾರಿಯಲ್ಲಿ. ಕೆಲಸ ಮುಗಿಸಿದ ಕಂಪನಿಗೆ ಕೆಲಸ, ಊರಿಗೆ ಆಸ್ತಿ. ಈಗ ಚಾಲ್ತಿಯಲ್ಲಿರುವ ದೂರಸಂಪರ್ಕ ನಿಯಮದಡಿ ಅರ್ಜಿ ಹೇಗಿರಬೇಕು ಎಂದು ಹೇಳಬಲ್ಲ ಕಾನೂನು ತಿಳಿದವರು ಧಾರವಾಡದ ಹೈಕೋರ್ಟ್ ಪೀಠದ ಸುತ್ತಮುತ್ತ ಬೇಕಾದಷ್ಟು ಮಂದಿ ಇದ್ದಾರೆ.

ಇನ್ನೊಂದು ಆತುರದ ಕಾರಣವಿದೆ. 1962ರಿಂದ ಒಂದೇ ಪಾಲಿಕೆಯಾಗಿರುವ ನಮ್ಮನ್ನು ಬೇರೆ ಮಾಡಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಕೊಡಲು ರಾಜ್ಯ ಸಂಪುಟ 2025ರ ಜನವರಿಯಲ್ಲಿ ತೀರ್ಮಾನಿಸಿತು. ಅಣ್ಣತಮ್ಮಂದಿರು ಬೇರೆಯಾಗುವಾಗ ಬಾವಿಯನ್ನು ಪಾಲು ಮಾಡುವುದಿಲ್ಲ, ಇಬ್ಬರಿಗೂ ಸೇದುವ ಹಕ್ಕು ಬರೆದಿಡುತ್ತಾರೆ. ಫೈಬರನ್ನೂ ಹಾಗೆ ಇಬ್ಬರ ಪಾಲಿನ ಕಂಪನಿಯ ಹೆಸರಲ್ಲಿ ಈಗಲೇ ಬರೆದಿಟ್ಟರೆ, ನಾಳೆ ನವಲೂರಿನ ಗಡಿಯಲ್ಲಿ ಕತ್ತರಿ ಹಿಡಿದು ನಿಲ್ಲುವ ಪ್ರಸಂಗ ಬರುವುದಿಲ್ಲ.

ಸಂಸ್ಥೆಗಳ ಕಡೆಯ ಬಾಗಿಲ ಬಗ್ಗೆಯೂ ಒಂದು ಮಾತು. ಎಳೆ ಕ್ಯಾಂಪಸ್ಸಿನ ಕಾಂಪೌಂಡಿಗೆ ಬಂದು ನಿಂತರೆ ಕೆಲಸ ಮುಗಿಯಲಿಲ್ಲ. ಒಳಗಿನ ಫೈರ್‌ವಾಲ್ ಎಂಬ ಪಹರೆ ಪ್ರತಿ ಪೊಟ್ಟಣವನ್ನೂ ಬಿಚ್ಚಿ ನೋಡಿ ಬಿಡುವಾಗ 10 ಗಿಗಾಬಿಟ್ಟಿನ ಹೊಳೆ ನಲ್ಲಿಯ ಧಾರೆಯಾಗುತ್ತದೆ. ಹೊರದೇಶದ ಸಂಶೋಧನಾ ಜಾಲಗಳು ಇದಕ್ಕೆ ಕಂಡುಕೊಂಡ ಉಪಾಯ ಸರಳ: ದೊಡ್ಡ ಡೇಟಾ ಇಳಿಸಿ ಏರಿಸಲೆಂದೇ ಕ್ಯಾಂಪಸ್ಸಿನ ಅಂಚಿನಲ್ಲಿ ಒಂದು ಪ್ರತ್ಯೇಕ ಸರ್ವರ್, ಅದಕ್ಕೆ ಪ್ರತ್ಯೇಕ ಕಾವಲು. ಎಪಿಎಂಸಿಗೆ ಬರುವ ಲಾರಿಯನ್ನು ಊರೊಳಗೆ ಬಿಡದೆ ಅಂಗಳದಲ್ಲೇ ಇಳಿಸಿಕೊಳ್ಳುವ ಹಾಗೆ. ಜ್ಞಾನ ಜಾಲದ ನಿಯಮವನ್ನೂ ಮುರಿಯಬೇಕಾಗಿಲ್ಲ. ಸಂಸ್ಥೆ ಮತ್ತು ಕಂಪನಿಯ ನಡುವಿನ ಡೇಟಾ ಊರಿನ ಎಳೆಯ ಮೇಲೆ ಹೋಗುತ್ತದೆ, ಸಂಸ್ಥೆ ಮತ್ತು ಪ್ರಪಂಚದ ನಡುವಿನದು ಅವರ ಜಾಲದ ಮೇಲೆ. ಇದಕ್ಕೆ ಕುಲಪತಿಗಳು, ನಿರ್ದೇಶಕರು ಒಂದೇ ಮೇಜಿಗೆ ಬರಬೇಕು. ಅವರನ್ನು ಚಹಾಕ್ಕೆ ಕರೆಯುವ ಗೌರವ ಮಹಾಪೌರರ ಕುರ್ಚಿಗಿದೆ, ನನಗಿಲ್ಲ.

ಫೈಬರ್ ಹಾಕಿದ ಮರುದಿನ ಕಂಪನಿಗಳು ಸಾಲು ನಿಲ್ಲುತ್ತವೆ ಎಂದು ಹೇಳಿದರೆ ನನ್ನನ್ನು ನಂಬಬೇಡಿ. ಕರೆಂಟ್ ಹೋಗದಿರಬೇಕು, ಕೆಲಸ ಬಲ್ಲ ಹುಡುಗ ಹುಡುಗಿಯರು ಊರಲ್ಲಿ ಉಳಿಯಬೇಕು, ಸಂಜೆ ವಿಮಾನ ಇರಬೇಕು. ಆದರೆ ಚಿತ್ರ, ಸ್ಕ್ಯಾನ್, ಚಿಪ್ಪಿನ ವಿನ್ಯಾಸ ಇಂಥ ಭಾರದ ಡೇಟಾ ಹೊತ್ತು ಕೆಲಸ ಮಾಡುವ ಕಂಪನಿ ಊರು ಆರಿಸುವಾಗ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು, ಮತ್ತು ಇದೊಂದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ನಮ್ಮ ಭಾಗದವರೇ ಆದ ಗುರುರಾಜ ದೇಶಪಾಂಡೆ ಅವರು 1998ರಲ್ಲಿ ಅಮೆರಿಕದಲ್ಲಿ ಕಟ್ಟಿದ ಸೈಕಮೋರ್ ನೆಟ್‌ವರ್ಕ್ಸ್ ಮಾಡುತ್ತಿದ್ದದ್ದು ಫೈಬರಿನ ಎಳೆಯಲ್ಲಿ ಬೆಳಕನ್ನು ಜಾಣತನದಿಂದ ಹರಿಸುವ ಯಂತ್ರಗಳನ್ನೇ. ಇಂದು ಹುಬ್ಬಳ್ಳಿಯಲ್ಲಿ ಅವರ ಹೆಸರಿನ ಪ್ರತಿಷ್ಠಾನ ನೂರಾರು ಹುಡುಗರಿಗೆ ಉದ್ಯಮ ಕಲಿಸುತ್ತಿದೆ. ಅಲ್ಲಿಂದ ಹೊರಬಿದ್ದ ಹುಡುಗರೂ ನನ್ನ ಹಾಗೆ ಪೆನ್‌ಡ್ರೈವ್ ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಿಂತಿರುತ್ತಾರೆ.

ಮುಂದಿನ ಬಜೆಟ್ಟಿನಲ್ಲಿ ನಾನು ಕೇಳುವುದು ಕೋಟಿಗಟ್ಟಲೆ ಅಲ್ಲ. ಮೊದಲು, ಈ ಕಾರಿಡಾರಿನ ನೆಲದಡಿ ಈಗಾಗಲೇ ಯಾರ ಯಾರ ಪೈಪು, ಎಳೆ ಇವೆ ಎಂಬ ನಕ್ಷೆಯನ್ನು ಮಾಡಿಸಿ ಜನರ ಮುಂದಿಡಿ. ಅದರ ಮೇಲೆ ಒಂದು ವಿಸ್ತೃತ ಯೋಜನಾ ವರದಿಗೆ ಹಣ ತೆಗೆದಿಡಿ. ಬಿವಿಬಿಯಿಂದ ಸತ್ತೂರಿನವರೆಗೆ ಒಂದು ತುಂಡನ್ನು ಪ್ರಯೋಗಕ್ಕೆ ಹಾಕಿ, ದರಪಟ್ಟಿಯನ್ನು ಪಾಲಿಕೆಯ ಗೋಡೆಗೆ ಅಂಟಿಸಿ. ಮೊದಲ ಬಾಡಿಗೆದಾರರಲ್ಲಿ ನಮ್ಮ ಕಂಪನಿಯೂ ಇರುತ್ತದೆ. ಮುಂಗಡ ಕೊಡಲು ತಯಾರಿದ್ದೇವೆ, ರಿಯಾಯಿತಿ ಬೇಡ.

ಅಲ್ಲಿಯವರೆಗೆ ಬುಧವಾರದ ನನ್ನ ಪ್ರಯಾಣ ನಡೆದೇ ಇರುತ್ತದೆ. ಮಹಾಪೌರರಿಗೋ ಆಯುಕ್ತರಿಗೋ ಬಿಡುವಿದ್ದರೆ ಬೆಳಗ್ಗೆ 9ಕ್ಕೆ ಜುಬಿಲಿ ಸರ್ಕಲ್ ನಿಲ್ದಾಣಕ್ಕೆ ಬನ್ನಿ, ಟಿಕೆಟ್ ನಾನು ತೆಗೆಸುತ್ತೇನೆ. ಕಿಟಕಿಯ ಸೀಟು ನಿಮಗೆ. ಡಿಸ್ಕನ್ನು ಮಾತ್ರ ಮಡಿಲಲ್ಲೇ ಇಟ್ಟುಕೊಳ್ಳಬೇಕು, ಉಣಕಲ್ ಹತ್ತಿರ ಬಸ್ಸು ಸ್ವಲ್ಪ ಕುಲುಕುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಪಾಲಿಕೆಯ ಒಬ್ಬ ಕರದಾತೆ
ವಿದ್ಯಾನಗರ, ಹುಬ್ಬಳ್ಳಿ